ಪೈಥಾನ್ 2ರ ಕೋಡ್ ಇನ್ನೂ ಕೈಯಲ್ಲಿದೆಯೇ? ದಾಟುವ ದಾರಿಗಳ ಒಂದು ಹೋಲಿಕೆ

"ಹೊಸ ಸರ್ವರ್ ಹಾಕಿಸಿದ ಮೇಲೆ ಮೆಸೇಜೇ ಹೋಗ್ತಿಲ್ಲ ಸಾರ್, ಸ್ವಲ್ಪ ನೋಡ್ತೀರಾ?" ಅಂತ ಫೋನ್ ಬಂದಾಗ ಅರ್ಧ ಗಂಟೆಯ ಕೆಲಸ ಅಂದುಕೊಂಡಿದ್ದೆ. ಅದೊಂದು ಸಹಕಾರ ಸಂಘದ ಕಚೇರಿ. ಸಾಲದ ಕಂತು ಯಾವಾಗ ಕಟ್ಟಬೇಕು ಎಂದು ಸದಸ್ಯರಿಗೆ ಕನ್ನಡದಲ್ಲಿ ಎಸ್ಸೆಮ್ಮೆಸ್ ಕಳಿಸುವ ಸ್ಕ್ರಿಪ್ಟ್, ನಾನೂರು ಚಿಲ್ಲರೆ ಸಾಲು. ಬರೆದವರು ಯಾವಾಗಲೋ ಕೆಲಸ ಬಿಟ್ಟು ಹೋಗಿದ್ದರು. ಹಳೆ ಸರ್ವರ್‌ನಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ 2.7 ಆವೃತ್ತಿ ಇತ್ತು, ಹೊಸದರಲ್ಲಿ 3 ಮಾತ್ರ. ಓಡಿಸಿದ ತಕ್ಷಣ ಮೊದಲ ಪ್ರಿಂಟ್ ಸಾಲಿಗೇ ಸಿಂಟ್ಯಾಕ್ಸ್ ಎರರ್, ಅಂದರೆ ಭಾಷೆಯ ವ್ಯಾಕರಣ ತಪ್ಪಿದೆ ಎಂಬ ದೂರು. ಬ್ರ್ಯಾಕೆಟ್ ಹಾಕಿದೆ, ಎರರ್ ಮುಂದಿನ ಪ್ರಿಂಟ್‌ಗೆ ಜಿಗಿಯಿತು. ಅಲ್ಲೂ ಹಾಕಿದೆ. ಹೀಗೆ ಮೂವತ್ತು ಕಡೆ ತೇಪೆ ಹಚ್ಚಿದ ಮೇಲೆ ಸ್ಕ್ರಿಪ್ಟ್ ಒಂದೂ ಎರರ್ ಇಲ್ಲದೆ ಕೊನೆಯವರೆಗೆ ಓಡಿತು. ಆದರೆ ಒಬ್ಬರಿಗೂ ಮೆಸೇಜ್ ಹೋಗಲಿಲ್ಲ.

ತಪ್ಪಿದ್ದದ್ದು 'ಮ್ಯಾಪ್' ಎಂಬ ಒಂದೇ ಸಾಲಿನಲ್ಲಿ. ಕಳಿಸುವ ಫಂಕ್ಷನ್ನು, ನಂಬರ್‌ಗಳ ಪಟ್ಟಿ, ಎರಡನ್ನೂ ಮ್ಯಾಪ್‌ಗೆ ಕೊಟ್ಟು ಬಿಟ್ಟಿದ್ದರು. ಪೈಥಾನ್ 2ರಲ್ಲಿ ಹಾಗೆ ಕರೆದರೆ ಪಟ್ಟಿಯಲ್ಲಿರುವ ಪ್ರತಿ ನಂಬರಿಗೂ ಫಂಕ್ಷನ್ ಅಲ್ಲೇ ಓಡುತ್ತದೆ. 3ರಲ್ಲಿ ಮ್ಯಾಪ್ ಒಂದು ಇಟರೇಟರ್ ಕೊಟ್ಟು ಕೈಕಟ್ಟಿ ಕೂರುತ್ತದೆ, ಮುಂದೆ ಯಾರಾದರೂ ಅದರಿಂದ ಒಂದೊಂದಾಗಿ ಕೇಳಿ ಪಡೆದರೆ ಮಾತ್ರ ಕೆಲಸ. ಇಲ್ಲಿ ಕೇಳುವವರೇ ಇರಲಿಲ್ಲ.

ಇದನ್ನು ಮೊದಲೇ ಹೇಳಲು ಕಾರಣವಿದೆ. ಹಳೆ ಕೋಡ್ ದಾಟಿಸುವ ದಾರಿ ಆರಿಸುವಾಗ ಹೆಚ್ಚಿನವರು ಸಿಂಟ್ಯಾಕ್ಸ್ ಎರರ್ ಎಷ್ಟಿವೆ ಎಂದು ಎಣಿಸುತ್ತಾರೆ. ನಾನೂ ಎಣಿಸಿದ್ದೆ. ಎಣಿಸಬೇಕಾದದ್ದು ಎರರ್ ಕೊಡದೆ ಬದಲಾಗಿರುವ ಜಾಗಗಳನ್ನು.

ಬದಲಾವಣೆಗಳಲ್ಲಿ ಮೂರು ಜಾತಿ

ಪೈಥಾನ್ 3.0 ಬಂದದ್ದು 2008ರ ಡಿಸೆಂಬರ್ 3ಕ್ಕೆ. ಹಳೆಯದರೊಂದಿಗೆ ಹೊಂದಿಕೆ ಬೇಡ ಎಂದು ಬೇಕೆಂದೇ ಮುರಿದು ಕಟ್ಟಿದ ಆವೃತ್ತಿ ಅದು. 2.7ಕ್ಕೆ ಮೊದಲು 2015ರವರೆಗೆ ಆಯುಷ್ಯ ಕೊಟ್ಟಿದ್ದರು. ಜನ ದಾಟಲಿಲ್ಲ, 2020ಕ್ಕೆ ಮುಂದೂಡಿದರು. 2020ರ ಜನವರಿ 1ಕ್ಕೆ ಬೆಂಬಲ ನಿಂತು, ಏಪ್ರಿಲ್‌ನಲ್ಲಿ ಕೊನೆಯ 2.7.18 ಹೊರಬಂತು. ಲೆಕ್ಕದ ಪ್ರಕಾರ ಕಥೆ ಮುಗಿದಿದೆ. ಆದರೂ ಕಚೇರಿಗಳ ಮೂಲೆಯಲ್ಲಿ, ಲ್ಯಾಬಿನ ಯಂತ್ರಕ್ಕೆ ಅಂಟಿಕೊಂಡಿರುವ ಹಳೆ ಕಂಪ್ಯೂಟರ್‌ಗಳಲ್ಲಿ ಇಂಥ ಸ್ಕ್ರಿಪ್ಟ್‌ಗಳು ಇನ್ನೂ ಉಸಿರಾಡುತ್ತಿವೆ. ಯಂತ್ರ ಕೆಟ್ಟ ದಿನ ಯಾರಿಗೋ ಫೋನ್ ಹೋಗುತ್ತದೆ.

ಮೊದಲನೆಯ ಜಾತಿ ಕೂಗುವವು. ಬ್ರ್ಯಾಕೆಟ್ ಇಲ್ಲದ ಪ್ರಿಂಟ್, ಸೊನ್ನೆಯಿಂದ ಶುರುವಾಗುವ 0777ರಂಥ ಆಕ್ಟಲ್ ಸಂಖ್ಯೆ, ಸಮವಲ್ಲ ಎನ್ನಲು ಬಳಸುತ್ತಿದ್ದ <> ಗುರುತು, ಟ್ಯಾಬ್ ಮತ್ತು ಸ್ಪೇಸ್ ಬೆರೆಸಿದ ಇಂಡೆಂಟ್. ಫೈಲ್ ತೆರೆಯುವಾಗಲೇ ಪೈಥಾನ್ ನಿಲ್ಲಿಸಿ ಸಾಲಿನ ಸಂಖ್ಯೆ ಹೇಳುತ್ತದೆ. ಕಿರಿಕಿರಿ ಬಿಟ್ಟರೆ ಇವುಗಳಿಂದ ಅಪಾಯವಿಲ್ಲ.

ಎರಡನೆಯದು ಕಾದು ಕೂಗುವವು. ಡಿಕ್ಷನರಿಯ (ಕೀ ಕೊಟ್ಟು ಬೆಲೆ ಪಡೆಯುವ ಪಟ್ಟಿ) ಹ್ಯಾಸ್-ಕೀ, ಇಟರ್-ಐಟಮ್ಸ್ ಎಂಬ ಫಂಕ್ಷನ್‌ಗಳು 3ರಲ್ಲಿ ಇಲ್ಲ, ಆದರೆ ಆ ಸಾಲು ಓಡುವವರೆಗೆ ಗೊತ್ತಾಗುವುದಿಲ್ಲ. ನನ್ (None, 'ಏನೂ ಇಲ್ಲ' ಎಂಬ ಗುರುತು) ಮತ್ತು ಸಂಖ್ಯೆಯನ್ನು ಹೋಲಿಸಿದರೆ 2ರಲ್ಲಿ ನನ್ ಎಲ್ಲಕ್ಕಿಂತ ಚಿಕ್ಕದು ಎಂದು ನಡೆದುಹೋಗುತ್ತಿತ್ತು, 3ರಲ್ಲಿ ಟೈಪ್ ಎರರ್. ಸಂಘದ ಸ್ಕ್ರಿಪ್ಟ್ ಸದಸ್ಯರನ್ನು ಕೊನೆಯ ಕಂತು ಕಟ್ಟಿದ ದಿನದ ಪ್ರಕಾರ ಜೋಡಿಸುತ್ತಿತ್ತು. ಒಂದೂ ಕಂತು ಕಟ್ಟದ ಹೊಸ ಸದಸ್ಯರಿಗೆ ಆ ಜಾಗದಲ್ಲಿ ನನ್. ಅಂದರೆ ಹೊಸಬರು ಸೇರಿದ ತಿಂಗಳು ಮಾತ್ರ ಬೀಳುತ್ತದೆ, ಉಳಿದ ತಿಂಗಳು ಓಡುತ್ತದೆ. ಇಂಥದ್ದನ್ನು ಒಂದು ಮಧ್ಯಾಹ್ನದ ಪರೀಕ್ಷೆಯಲ್ಲಿ ಹಿಡಿಯಲಾಗದು.

ಮೂರನೆಯದು ಬಾಯಿ ಬಿಡದವು. ಮ್ಯಾಪ್ ಕಥೆ ಹೇಳಿದ್ದಾಯಿತು. ಭಾಗಾಕಾರವೂ ಇಲ್ಲೇ ಸೇರುತ್ತದೆ. ಕನ್ನಡದ ಒಂದು ಎಸ್ಸೆಮ್ಮೆಸ್‌ನಲ್ಲಿ 70 ಅಕ್ಷರ ಹಿಡಿಯುತ್ತದೆ, ಇಂಗ್ಲಿಷಿನಂತೆ 160 ಅಲ್ಲ. ಮೆಸೇಜ್ ಎಷ್ಟು ಭಾಗವಾಗುತ್ತದೆ ಎಂದು ತಿಳಿಯಲು ಉದ್ದಕ್ಕೆ 69 ಕೂಡಿಸಿ 70ರಿಂದ ಭಾಗಿಸಿದ್ದರು. (ಒಂದಕ್ಕಿಂತ ಹೆಚ್ಚು ಭಾಗವಾದರೆ ಪ್ರತಿ ಭಾಗದಲ್ಲಿ ಸಿಗುವುದು 67 ಮಾತ್ರ, ಹಾಗಾಗಿ ಆ ಲೆಕ್ಕ ಮೊದಲಿನಿಂದಲೂ ಸೊಟ್ಟವೇ. ಅದು ಬೇರೆ ಮಾತು.) 100 ಅಕ್ಷರದ ಮೆಸೇಜ್ ತೆಗೆದುಕೊಳ್ಳಿ. 169 ಭಾಗಿಸು 70. ಪೈಥಾನ್ 2 ಹೇಳುವುದು 2. ಪೈಥಾನ್ 3 ಹೇಳುವುದು 2.414. ಈ ಉತ್ತರ, ಎಣಿಕೆಯ ಸಾಲು ಕೊಡುವ 'ರೇಂಜ್' ಒಳಗೆ ಹೋದರೆ ಪುಣ್ಯ, ದಶಮಾಂಶ ನಡೆಯದು ಎಂದು ಅದು ಕೂಗುತ್ತದೆ. ಖರ್ಚಿನ ಪಟ್ಟಿಗೆ ಹೋದರೆ? ಭಾಗಕ್ಕೆ 20 ಪೈಸೆಯಂತೆ 40 ಪೈಸೆ ಇರಬೇಕಾದಲ್ಲಿ 48.29 ಪೈಸೆ ಬಂದು ಕೂರುತ್ತದೆ. ತಿಂಗಳ ಕೊನೆಗೆ ಮೊತ್ತ ಹೊಂದುವುದಿಲ್ಲ, ಎಲ್ಲರೂ ಗುಮಾಸ್ತರ ಮುಖ ನೋಡುತ್ತಾರೆ.

ರೌಂಡ್ ಫಂಕ್ಷನ್ ಇನ್ನೂ ನಯವಂಚಕ. ಸರಿಯಾಗಿ ಅರ್ಧ ಬಂದಾಗ 2ರಲ್ಲಿ ಸೊನ್ನೆಯಿಂದ ದೂರಕ್ಕೆ ಸರಿಸುತ್ತಿತ್ತು, 3ರಲ್ಲಿ ಹತ್ತಿರದ ಸಮಸಂಖ್ಯೆಗೆ. ಹಾಗಾಗಿ 112.50 ರೂಪಾಯಿ 2ರಲ್ಲಿ 113, 3ರಲ್ಲಿ 112. 113.50 ಮಾತ್ರ ಎರಡರಲ್ಲೂ 114. ಒಂದು ಬಿಟ್ಟು ಒಂದಕ್ಕೆ ತಪ್ಪುವ ಲೆಕ್ಕ. ಇದನ್ನು ಕಣ್ಣಲ್ಲಿ ಹಿಡಿಯುತ್ತೇನೆ ಎನ್ನುವವರಿಗೆ ನಮಸ್ಕಾರ.

ಕನ್ನಡ ಇರುವ ಕೋಡ್‌ಗೆ ಇನ್ನೊಂದು ಪಾಡು

ಬರೀ ಇಂಗ್ಲಿಷ್ ಅಕ್ಷರಗಳಲ್ಲಿ ಕೆಲಸ ಮಾಡುವ ಕೋಡ್ ದಾಟಿಸಿದವರಿಗೆ ಈ ನೋವು ಅರ್ಧ ಮಾತ್ರ ಗೊತ್ತು. ಪೈಥಾನ್ 2ರಲ್ಲಿ ಸಾದಾ ಸ್ಟ್ರಿಂಗ್ ಎಂದರೆ ಬೈಟ್‌ಗಳ ಸಾಲು. 3ರಲ್ಲಿ ಸ್ಟ್ರಿಂಗ್ ಎಂದರೆ ಯೂನಿಕೋಡ್ (ಎಲ್ಲ ಲಿಪಿಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ, ಅಂದರೆ ಕೋಡ್‌ಪಾಯಿಂಟ್, ಕೊಡುವ ಪದ್ಧತಿ) ಪಠ್ಯ, ಬೈಟ್‌ಗಳಿಗೆ ಬೇರೆಯದೇ ಟೈಪ್. ಆ ಸಂಖ್ಯೆಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಕೋಡ್‌ಪಾಯಿಂಟ್‌ಗೆ ಮೂರು ಬೈಟ್. 'ಕನ್ನಡ' ಎಂಬ ಪದದ ಉದ್ದ ಕೇಳಿದರೆ 2 ಹೇಳುವುದು 15, 3 ಹೇಳುವುದು 5. ಬೆರಳಿನ ಮೇಲೆ ಎಣಿಸಲು ಕಲಿಸಿದ ನಮ್ಮ ಮೇಷ್ಟ್ರು ಹೇಳುವುದು 3. ಪೈಥಾನ್ 3 ಎಣಿಸುವುದು ಕ, ನ, ಹಲಂತದ ಗುರುತು, ಮತ್ತೆ ನ, ಡ.

ಮೊದಲ ಹತ್ತನ್ನು ಕತ್ತರಿಸು ಎಂದು ಪೈಥಾನ್ 2ಕ್ಕೆ ಹೇಳಿದರೆ ಒಂಬತ್ತು ಬೈಟ್‌ಗೆ 'ಕನ್' ಮುಗಿದು, ಮುಂದಿನ ಅಕ್ಷರದ ಮೂರನೇ ಒಂದು ಪಾಲು ಬಾಲದಂತೆ ಅಂಟಿಕೊಳ್ಳುತ್ತದೆ. ಮೊಬೈಲಿನಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಡೈಮಂಡ್ ಕಾಣುವುದು ಇದರಿಂದಲೇ. ಇದನ್ನು ತಪ್ಪಿಸಲು ಹಳೆಯ ಕೋಡ್‌ನಲ್ಲಿ ಮೂರರಿಂದ ಭಾಗಿಸುವುದು, ಮೂರರ ಮಗ್ಗಿಯಲ್ಲಿ ಕತ್ತರಿಸುವುದು, ಹೀಗೆ ಏನೇನೋ ಜುಗಾಡ್ ಇರುತ್ತದೆ. 3ಕ್ಕೆ ಬಂದ ಮೇಲೆ ಆ ಜುಗಾಡ್ ಹಾಗೇ ಉಳಿದರೆ ಮೆಸೇಜ್ ತಪ್ಪು ಜಾಗದಲ್ಲಿ ಕತ್ತರಿಸಿ ಹೋಗಬಹುದು, ಎಷ್ಟೋ ಸಲ ಎರರ್ ಇಲ್ಲದೆ.

ಸಂಘದ ಸ್ಕ್ರಿಪ್ಟ್‌ನಲ್ಲಿ ನನಗೆ ಸಿಕ್ಕಿದ್ದು ಇದರ ತಮ್ಮ. ಎಸ್ಸೆಮ್ಮೆಸ್ ತಲುಪಿಸುವ ಗೇಟ್‌ವೇಗೆ ಕಳಿಸುವ ಮುನ್ನ ಪಠ್ಯವನ್ನು ಯುಟಿಎಫ್-8ಕ್ಕೆ ಎನ್‌ಕೋಡ್ ಮಾಡಿ, ಅದಕ್ಕೆ ಇನ್ನೊಮ್ಮೆ ಸ್ಟ್ರಿಂಗ್ ಆಗಿಸುವ 'ಎಸ್‌ಟಿಆರ್' ಫಂಕ್ಷನ್ ಸುತ್ತಿದ್ದರು. 2ರಲ್ಲಿ ಅದು ಏನೂ ಮಾಡುತ್ತಿರಲಿಲ್ಲ. 3ರಲ್ಲಿ ಬೈಟ್‌ಗೆ ಎಸ್‌ಟಿಆರ್ ಸುತ್ತಿದರೆ ಆ ಬೈಟ್‌ಗಳ ಮುದ್ರಿತ ರೂಪ ಬರುತ್ತದೆ: ಮುಂದೆ ಒಂದು ಸಣ್ಣ ಬಿ, ಉದ್ಧರಣ ಚಿಹ್ನೆ, ಒಳಗೆ ಪ್ರತಿ ಬೈಟ್‌ಗೂ ಓರೆಗೆರೆ, ಎಕ್ಸ್ ಮತ್ತು ಎರಡು ಅಂಕಿ. ಐದು ಕೋಡ್‌ಪಾಯಿಂಟ್‌ನ 'ಕನ್ನಡ' ಪದ 63 ಅಕ್ಷರದ ಕಸವಾಗುತ್ತದೆ. ಮ್ಯಾಪ್ ಸರಿಪಡಿಸಿ ಖುಷಿಯಿಂದ ನನ್ನ ನಂಬರಿಗೇ ಕಳಿಸಿಕೊಂಡ ಮೊದಲ ಮೆಸೇಜ್ ಇದೇ ರೂಪದಲ್ಲಿ ಬಂತು. ಸದಸ್ಯರಿಗೆ ಕಳಿಸಿರಲಿಲ್ಲ ಅನ್ನುವುದೊಂದೇ ಸಮಾಧಾನ.

ಇಲ್ಲಿ ನೆನಪಿಡಬೇಕಾದ ಸಂಗತಿ: ಕೋಡ್‌ನಲ್ಲಿರುವ ಒಂದು ಸ್ಟ್ರಿಂಗ್ ಪಠ್ಯವೋ ಬೈಟ್‌ಗಳೋ ಎಂದು ಯಾವ ಪರಿವರ್ತಕ ಸಲಕರಣೆಯೂ ತಾನಾಗಿ ನಿರ್ಧರಿಸಲಾರದು. ಅದು ಬರೆದವರ ಮನಸ್ಸಿನಲ್ಲಿತ್ತು, ಕೋಡ್‌ನಲ್ಲಿ ಇರಲಿಲ್ಲ. ಮುಂದಿನ ಹೋಲಿಕೆಯನ್ನೆಲ್ಲ ಇದನ್ನು ಇಟ್ಟುಕೊಂಡೇ ಓದಿ.

ದಾರಿ ಒಂದು: ಇದ್ದಲ್ಲೇ ಇರುವುದು

ಇದನ್ನು ಸೋಮಾರಿಗಳ ದಾರಿ ಎಂದು ಎಲ್ಲರೂ ಬೈಯುತ್ತಾರೆ. ನಾನು ಬೈಯುವುದಿಲ್ಲ. ಒಂದು ಅಳತೆ ಯಂತ್ರಕ್ಕೆ ತಂತಿಯಲ್ಲಿ ಜೋಡಿಸಿದ ಕಂಪ್ಯೂಟರ್, ಇಂಟರ್ನೆಟ್ ಇಲ್ಲ, ಯಂತ್ರದ ಡ್ರೈವರ್ ಪೈಥಾನ್ 2ಕ್ಕೆ ಮಾತ್ರ ಬಂದಿದೆ ಎಂದಿಟ್ಟುಕೊಳ್ಳಿ. ಅಲ್ಲಿ ದಾಟುವುದು ಚಟ, ಅಗತ್ಯವಲ್ಲ. ಹಳೆಯ ಸಂಶೋಧನೆಯ ಫಲಿತಾಂಶವನ್ನು ಅಂದಿನ ಕೋಡ್‌ನಲ್ಲೇ ಮತ್ತೆ ತೆಗೆದು ತೋರಿಸಬೇಕು ಎನ್ನುವವರಿಗೂ ಇದೇ ಸರಿ. 2.7 ಇರುವ ಕಂಟೈನರ್‌ನಲ್ಲಿ (ಉಳಿದ ವ್ಯವಸ್ಥೆಯಿಂದ ಬೇರ್ಪಡಿಸಿದ ಪೆಟ್ಟಿಗೆಯಲ್ಲಿ) ಹಾಕಿ ಬೀಗ ಜಡಿದು ಇಟ್ಟುಕೊಳ್ಳಬಹುದು. ಪೈಪೈ ಎಂಬ ಪರ್ಯಾಯ ಇಂಟರ್‌ಪ್ರಿಟರ್ ಕೂಡ 2.7ರ ಭಾಷೆಯನ್ನು ಉಳಿಸಿಕೊಂಡಿದೆ, ಏಕೆಂದರೆ ಅದನ್ನು ಕಟ್ಟಿರುವ ಆರ್‌ಪೈಥಾನ್‌ಗೇ 2 ಬೇಕು.

ಆದರೆ ಹೊರಗಿನ ಜಾಲದೊಂದಿಗೆ ಮಾತಾಡುವ ಕೋಡ್‌ಗೆ ಈ ದಾರಿ ಬೇಡ. 2021ರ ಜನವರಿಯಲ್ಲಿ ಬಂದ, ಪ್ಯಾಕೇಜ್ ಇಳಿಸಿಕೊಡುವ ಪಿಪ್ 21.0 ಪೈಥಾನ್ 2ನ್ನು ಕೈಬಿಟ್ಟಿತು. ಲೆಕ್ಕದ ಲೈಬ್ರರಿ ನಂಪೈ 1.17ರಿಂದ, ವೆಬ್‌ಸೈಟ್ ಕಟ್ಟುವ ಜ್ಯಾಂಗೊ 2.0ರಿಂದ 3 ಮಾತ್ರ. ಆ್ಯಪಲ್ 2022ರಲ್ಲಿ ಮ್ಯಾಕ್‌ಓಎಸ್ 12.3ರಿಂದ 2.7ನ್ನು ತೆಗೆದೇಬಿಟ್ಟಿತು. ಇನ್ನು 2.7ರಲ್ಲೂ 2.7.9ಕ್ಕಿಂತ ಹಿಂದಿನ ಮೂಲ ಬಿಡುಗಡೆಗಳು ಎಚ್‌ಟಿಟಿಪಿಎಸ್ ಸರ್ಟಿಫಿಕೇಟನ್ನು ತಾವಾಗಿ ಪರೀಕ್ಷಿಸುತ್ತಲೇ ಇರಲಿಲ್ಲ. ಸದಸ್ಯರ ಫೋನ್ ನಂಬರ್, ಬಾಕಿ ಮೊತ್ತ ಇರುವ ಸ್ಕ್ರಿಪ್ಟನ್ನು ಅಂಥದ್ದರ ಮೇಲೆ ಓಡಿಸುವ ಧೈರ್ಯ ನನಗಿಲ್ಲ.

ದಾರಿ ಎರಡು: ಪರಿವರ್ತಕ ಓಡಿಸಿ ಒಂದೇ ನೆಗೆತಕ್ಕೆ ದಾಟುವುದು

2ಟು3 ಎಂಬ ಸಲಕರಣೆ ಪೈಥಾನ್ ಜೊತೆಗೇ ಬರುತ್ತಿತ್ತು. ಫೈಲ್ ಕೊಟ್ಟರೆ ಏನೇನು ಬದಲಾಯಿಸಬೇಕು ಎಂದು ಡಿಫ್ (ಹಳೆಯ-ಹೊಸ ಸಾಲುಗಳ ವ್ಯತ್ಯಾಸ) ತೋರಿಸುತ್ತದೆ, ಡಬ್ಲ್ಯೂ ಆಯ್ಕೆ ಕೊಟ್ಟರೆ ಫೈಲಿನಲ್ಲೇ ಬರೆದು ಹಳೆಯದರ ಪ್ರತಿ ಪಕ್ಕದಲ್ಲಿ ಇಡುತ್ತದೆ. 'ತ್ತಿತ್ತು' ಎಂದದ್ದೇಕೆಂದರೆ 2024ರ ಅಕ್ಟೋಬರ್‌ನಲ್ಲಿ ಬಂದ 3.13ರಿಂದ ಅದನ್ನು ತೆಗೆದಿದ್ದಾರೆ. ಈಗ ಬೇಕೆಂದರೆ 3.12 ಅಥವಾ ಅದಕ್ಕಿಂತ ಹಳೆಯ ಪೈಥಾನ್ ಒಂದನ್ನು ಪಕ್ಕದಲ್ಲಿ ಹಾಕಿಕೊಂಡು, ಅಲ್ಲಿ ಓಡಿಸಿ, ಬಂದ ಫೈಲನ್ನು ಹೊಸದಕ್ಕೆ ಒಯ್ಯಬೇಕು.

ಕೂಗುವ ಜಾತಿಯನ್ನು ಇದು ಸಲೀಸಾಗಿ ನುಂಗುತ್ತದೆ. ಕಾದು ಕೂಗುವವುಗಳಲ್ಲೂ ಹ್ಯಾಸ್-ಕೀ, ಎಕ್ಸ್‌ರೇಂಜ್, ರಾ-ಇನ್‌ಪುಟ್‌ನಂಥವನ್ನು ಹಿಡಿಯುತ್ತದೆ. ನನಗೆ ನಾಚಿಕೆಯಾಗುವ ಸಂಗತಿ ಎಂದರೆ ಮ್ಯಾಪ್‌ಗೂ ಇದು ತಾನಾಗಿ 'ಲಿಸ್ಟ್' ಸುತ್ತುತ್ತದೆ. ಅಂದರೆ ನಾನು ಕೈಯಲ್ಲಿ ಬ್ರ್ಯಾಕೆಟ್ ಹಾಕುತ್ತ ಕೂರುವ ಬದಲು ಇದನ್ನು ಓಡಿಸಿದ್ದರೆ ಆ ಗುಂಡಿಗೆ ಬೀಳುತ್ತಿರಲಿಲ್ಲ. ಕೈಗಿಂತ ಯಂತ್ರ ಮೇಲು ಎನ್ನಲು ಇದೊಂದೇ ಉದಾಹರಣೆ ಸಾಕು.

ಆದರೆ ಭಾಗಾಕಾರವನ್ನು ಇದು ಮುಟ್ಟುವುದಿಲ್ಲ. ಎರಡೂ ಕಡೆ ಪೂರ್ಣಾಂಕವೇ ಇರುತ್ತದೆಯೋ ಇಲ್ಲವೋ ಎಂದು ಕೋಡ್ ನೋಡಿ ಹೇಳಲಾಗದು, ಹಾಗಾಗಿ ಬಿಟ್ಟುಬಿಡುತ್ತದೆ. ರೌಂಡ್ ಮುಟ್ಟುವುದಿಲ್ಲ. ಬೈಟ್-ಪಠ್ಯದ ಗೊಂದಲದಲ್ಲಿ 'ಯೂನಿಕೋಡ್' ಎಂಬ ಹೆಸರನ್ನು 'ಎಸ್‌ಟಿಆರ್' ಮಾಡಿ ಕೈತೊಳೆದುಕೊಳ್ಳುತ್ತದೆ. ಜೊತೆಗೆ ಅತಿ ಜಾಗ್ರತೆಯಿಂದ ಡಿಕ್ಷನರಿಯ ಕೀಗಳಿಗೆಲ್ಲ 'ಲಿಸ್ಟ್' ಸುತ್ತಿ ಕೋಡನ್ನು ಕೊಂಚ ಕುರೂಪ ಮಾಡುತ್ತದೆ. ಅದನ್ನು ಆಮೇಲೆ ಒರೆಸಿಕೊಳ್ಳಬಹುದು.

ಮೊದಮೊದಲು ಲೈಬ್ರರಿ ಬರೆಯುವವರಿಗೆ ಬೇರೊಂದು ಸಲಹೆ ಇತ್ತು: ಮೂಲವನ್ನು 2ರಲ್ಲೇ ಇಟ್ಟುಕೊಂಡು, ಇನ್‌ಸ್ಟಾಲ್ ಆಗುವಾಗ ಪ್ರತಿ ಸಲ 2ಟು3 ಓಡಿಸಿ. ಕಾಗದದ ಮೇಲೆ ಚೆಂದ. ನಿಜದಲ್ಲಿ ನೀವು ಬರೆದ ಕೋಡ್ ಒಂದು, ಎರರ್ ಬಂದಾಗ ತೋರಿಸುವ ಕೋಡ್ ಇನ್ನೊಂದು. ಆ ಬಗೆ ಬಾಳಲಿಲ್ಲ.

ದಾರಿ ಮೂರು: ಎರಡಕ್ಕೂ ಹೊಂದುವ ಒಂದೇ ಕೋಡ್

ಒಂದೇ ಫೈಲ್ 2ರಲ್ಲೂ ಓಡಬೇಕು, 3ರಲ್ಲೂ ಓಡಬೇಕು. ಇದಕ್ಕೆ ಹುಟ್ಟಿದ್ದು ಬೆಂಜಮಿನ್ ಪೀಟರ್ಸನ್ ಬರೆದ 'ಸಿಕ್ಸ್' ಲೈಬ್ರರಿ. ಎರಡು ಮೂರಲಿ ಆರು, ಅದಕ್ಕೇ ಆ ಹೆಸರು. ಮಗ್ಗಿ ಕಲಿತವರಿಗೆ ವಿವರಣೆ ಬೇಡ. ಮಾಡರ್ನೈಜ್ ಎಂಬ ಸಲಕರಣೆ ಹಳೆ ಕೋಡನ್ನು ಸಿಕ್ಸ್ ಬಳಸುವಂತೆ ಬದಲಿಸುತ್ತದೆ. ಫ್ಯೂಚರೈಜ್ ಎಂಬುದು ಫ್ಯೂಚರ್ ಲೈಬ್ರರಿಯನ್ನು ನೆಚ್ಚಿಕೊಂಡಿದೆ, ಹಳೆಯ ಭಾಗಾಕಾರದ ಜಾಗದಲ್ಲಿ 'ಓಲ್ಡ್-ಡಿವ್' ಎಂಬ ಫಂಕ್ಷನ್ ಇಟ್ಟು ಹಳೇ ಉತ್ತರವನ್ನೇ ಉಳಿಸಲೂ ಬಲ್ಲದು.

ಈ ದಾರಿ ಸಾಧ್ಯವಾದದ್ದರ ಹಿಂದೆ ಒಂದು ಸಣ್ಣ ಶರಣಾಗತಿ ಇದೆ. ಪೈಥಾನ್ 2ರಲ್ಲಿ ಯೂನಿಕೋಡ್ ಸ್ಟ್ರಿಂಗ್ ಮುಂದೆ ಯು ಎಂಬ ಅಕ್ಷರ ಇರುತ್ತಿತ್ತು. 3.0ರಲ್ಲಿ ಎಲ್ಲವೂ ಯೂನಿಕೋಡೇ ಆದ್ದರಿಂದ ಯು ಬೇಡವೆಂದು ತೆಗೆದರು. ಸರಿಯಾದ ತರ್ಕ, ತಪ್ಪಾದ ತೀರ್ಮಾನ. ಎರಡಕ್ಕೂ ಹೊಂದುವ ಕೋಡ್ ಬರೆಯುವವರಿಗೆ ಪ್ರತಿ ಸಾಲೂ ಮುಳ್ಳಾಯಿತು. ಕೊನೆಗೆ ಆರ್ಮಿನ್ ರೊನಾಕರ್ ಮುಂದಿಟ್ಟ ಪೆಪ್ (ಪೈಥಾನ್ ಬದಲಾವಣೆಯ ಪ್ರಸ್ತಾವ) 414ರ ಪ್ರಕಾರ 2012ರಲ್ಲಿ ಬಂದ 3.3ರಲ್ಲಿ ಆ ಯು ವಾಪಸ್ ಬಂತು. ಅರ್ಥವೇನೂ ಇಲ್ಲ, ಸುಮ್ಮನೆ ಇರಲಿ ಎಂದು. ಮರುವರ್ಷ ಜ್ಯಾಂಗೊ 1.5 ಪ್ರಾಯೋಗಿಕವಾಗಿ 3ನ್ನು ಬೆಂಬಲಿಸಿತು. ಇನ್‌ಸ್ಟಾಗ್ರಾಮ್‌ನವರು 2017ರ ಪೈಕಾನ್ ಸಮ್ಮೇಳನದಲ್ಲಿ ಹೇಳಿಕೊಂಡಂತೆ ಬೇರೆ ಬ್ರ್ಯಾಂಚ್ (ಕೋಡಿನ ಪ್ರತ್ಯೇಕ ಕವಲು) ಮಾಡದೆ ಮುಖ್ಯ ಬ್ರ್ಯಾಂಚ್‌ನಲ್ಲೇ ಎರಡಕ್ಕೂ ಹೊಂದಿಸುತ್ತ ದಾಟಿದರು. ದಿನವೂ ಹತ್ತಾರು ಜನ ಕೋಡ್ ಬದಲಿಸುವ ಕಡೆ ಅದೇ ಜಾಣತನ: ಒಂದು ಕಡೆ ಎಲ್ಲ ನಿಲ್ಲಿಸಿ ಪರಿವರ್ತನೆ ಮಾಡುತ್ತ ಕೂತರೆ ಅಷ್ಟರಲ್ಲಿ ಮೂಲವೇ ಬದಲಾಗಿರುತ್ತದೆ.

ಇವತ್ತು ಈ ದಾರಿ ಯಾರಿಗೆ? ತುಂಬ ಕಡಿಮೆ ಜನಕ್ಕೆ. ನೂರು ಯಂತ್ರಗಳಲ್ಲಿ ಅರ್ಧದಲ್ಲಿ 2.7 ಮಾತ್ರ ಇದೆ, ಅವನ್ನು ಬದಲಿಸಲು ಇನ್ನೂ ಒಂದು ವರ್ಷ ಬೇಕು, ಅಲ್ಲಿಯವರೆಗೆ ಒಂದೇ ಸ್ಕ್ರಿಪ್ಟ್ ಎಲ್ಲ ಕಡೆ ಓಡಬೇಕು ಎನ್ನುವವರಿಗೆ. ಉಳಿದವರಿಗೆ ಇದು ಎರಡು ದೋಣಿಯ ಮೇಲೆ ಕಾಲಿಟ್ಟಂತೆ. ಇಳಿಯುವ ದಿನ ಸಿಕ್ಸ್‌ನ ಕುರುಹುಗಳನ್ನೆಲ್ಲ ಹುಡುಕಿ ಕೀಳುವ ಕೆಲಸ ಬೇರೆ ಇರುತ್ತದೆ. ಸೇತುವೆಯೇ ಮುರಿಯುವುದೂ ಉಂಟು: 1.16ಕ್ಕಿಂತ ಹಳೆಯ ಸಿಕ್ಸನ್ನು ತನ್ನೊಳಗೇ ನಕಲು ಮಾಡಿಟ್ಟುಕೊಂಡ ಪ್ಯಾಕೇಜುಗಳು ಪೈಥಾನ್ 3.12 ಬಂದಾಗ 'ಸಿಕ್ಸ್-ಮೂವ್ಸ್ ಸಿಗುತ್ತಿಲ್ಲ' ಎಂದು ಬಿದ್ದವು. 3ಕ್ಕೆ ಬಂದು ವರ್ಷಗಳಾದ ಮೇಲೂ 2ರ ಋಣ ತೀರಿರಲಿಲ್ಲ.

ದಾರಿ ನಾಲ್ಕು: ಹೊಸದಾಗಿ ಬರೆಯುವುದು

ಸಾವಿರ ಸಾಲಿನ ಒಳಗಿನ, ಟೆಸ್ಟ್ ಇಲ್ಲದ, ಬರೆದವರು ಸಿಗದ ಸ್ಕ್ರಿಪ್ಟ್‌ಗೆ ನನ್ನ ಮತ ಇದಕ್ಕೇ. ಪರಿವರ್ತಕ ಕೊಟ್ಟ ಕೋಡನ್ನು ಸಾಲು ಸಾಲಾಗಿ ಓದಿ ಪಠ್ಯವೋ ಬೈಟೋ ಎಂದು ತೀರ್ಮಾನಿಸಲು ಹೇಗೂ ಪೂರ್ತಿ ಅರ್ಥ ಮಾಡಿಕೊಳ್ಳಲೇಬೇಕು. ಅರ್ಥವಾದ ಮೇಲೆ ಬರೆಯುವುದು ಅರ್ಧ ದಿನದ ಕೆಲಸ. ಸಂಘದ ಸ್ಕ್ರಿಪ್ಟನ್ನು ಕೊನೆಗೆ ನಾನು ಹಾಗೇ ಮಾಡಿದೆ, ನಾನೂರು ಸಾಲು ನೂರೈವತ್ತಕ್ಕೆ ಇಳಿಯಿತು. ಮಿಕ್ಕದ್ದು ಎನ್‌ಕೋಡ್, ಡಿಕೋಡ್, ಮತ್ತೆ ಎನ್‌ಕೋಡ್ ಮಾಡುವ ಹೋರಾಟವಾಗಿತ್ತು.

ಹತ್ತು ಸಾವಿರ ಸಾಲಿಗೆ ಇದೇ ಮಾತು ಹೇಳಲಾರೆ. ದೊಡ್ಡ ಕೋಡ್‌ನಲ್ಲಿ ವಿಚಿತ್ರವಾಗಿ ಕಾಣುವ ಪ್ರತಿ ಸಾಲಿನ ಹಿಂದೆ ಯಾರೋ ಒಬ್ಬರು ರಾತ್ರಿ ನಿದ್ದೆಗೆಟ್ಟ ಕಥೆ ಇರುತ್ತದೆ. ಹೊಸದಾಗಿ ಬರೆದರೆ ಆ ನಿದ್ದೆಯನ್ನು ನೀವೂ ಕೆಡಬೇಕು.

ಹಾಗಾದರೆ ಯಾವುದು?

ಮೊದಲು ಕೇಳಿಕೊಳ್ಳಬೇಕಾದದ್ದು, ಈ ಕೋಡ್ ಹೊರಗಿನ ಜಗತ್ತಿನೊಂದಿಗೆ ಮಾತಾಡುತ್ತದೆಯೇ ಎಂದು. ಇಲ್ಲವಾದರೆ, ಯಂತ್ರ ಬದಲಾಗುವ ಭಯವೂ ಇಲ್ಲವಾದರೆ ಇದ್ದಲ್ಲೇ ಬಿಡಿ. ಮಾತಾಡುತ್ತದೆ ಎಂದರೆ ಗಾತ್ರ ನೋಡಿ. ಚಿಕ್ಕದಾದರೆ ಬರೆಯಿರಿ. ದೊಡ್ಡದಾಗಿದ್ದು, ಎಲ್ಲ ಯಂತ್ರಗಳನ್ನೂ ಒಂದೇ ದಿನ 3ಕ್ಕೆ ಬದಲಿಸಬಹುದು ಎಂದರೆ 2ಟು3. ಬದಲಿಸಲಾಗದು ಎಂದರೆ ಮಾತ್ರ ಸಿಕ್ಸ್, ಅದೂ ಅದನ್ನು ತೆಗೆಯುವ ತಾರೀಕನ್ನು ಕ್ಯಾಲೆಂಡರ್‌ನಲ್ಲಿ ಬರೆದಿಟ್ಟ ಮೇಲೆ.

ಯಾವ ದಾರಿ ಹಿಡಿದರೂ ಹಳೆಯ ಪೈಥಾನನ್ನು ಅವಸರದಲ್ಲಿ ಅಳಿಸಬೇಡಿ. ಅದು ನಿಮ್ಮ ಸಾಕ್ಷಿ. ಹೋದ ತಿಂಗಳ ನಿಜವಾದ ಡೇಟಾ ಕೊಟ್ಟು ಹಳೆಯದನ್ನು ಓಡಿಸಿ ಬಂದ ಉತ್ತರವನ್ನು ಫೈಲಿಗೆ ಇಳಿಸಿ, ಹೊಸದನ್ನೂ ಅದೇ ಡೇಟಾದ ಮೇಲೆ ಓಡಿಸಿ, ಎರಡಕ್ಕೂ ಡಿಫ್ ಹಾಕಿ. ಮೆಸೇಜ್ ಕಳಿಸುವಂಥ ಕೋಡ್ ಆದರೆ ಕಳಿಸುವ ಜಾಗದಲ್ಲಿ ಫೈಲಿಗೆ ಬರೆಯುವಂತೆ ಮಾಡಿಕೊಳ್ಳಿ, ಇಲ್ಲದಿದ್ದರೆ ಸದಸ್ಯರಿಗೆ ಎರಡೆರಡು ಸಲ ಕಂತಿನ ನೆನಪಾಗುತ್ತದೆ. 112.50ರ ರೌಂಡ್ ತಪ್ಪು ನನಗೆ ಸಿಕ್ಕಿದ್ದು ಹೀಗೆಯೇ, ಓದಿ ಅಲ್ಲ.

ಹಳೆಯ 2.7ನ್ನು 'ಹೈಫನ್ 3' ಆಯ್ಕೆ ಕೊಟ್ಟು ಓಡಿಸಿದರೆ ಪೂರ್ಣಾಂಕದ ಭಾಗಾಕಾರ ನಡೆದ ಜಾಗಗಳಲ್ಲಿ ಎಚ್ಚರಿಕೆ ಕೊಡುತ್ತದೆ. 2ಟು3 ಬಿಟ್ಟದ್ದನ್ನು ಇದು ಹಿಡಿಯುತ್ತದೆ, ಹಾಗಾಗಿ ದಾಟುವ ಮೊದಲು ಒಮ್ಮೆಯಾದರೂ ಮಾಡಿ. ದಾಟಿದ ಮೇಲೆ ಪೈಥಾನ್ 3ನ್ನು ಹೈಫನ್ ಜೊತೆ ಎರಡು ಸಣ್ಣ ಬಿ ಕೊಟ್ಟು ಓಡಿಸಿ. ಬೈಟ್ ಮತ್ತು ಪಠ್ಯವನ್ನು ಸಮವೇ ಎಂದು ಹೋಲಿಸಿದರೆ 3 ಸಾಮಾನ್ಯವಾಗಿ 'ಅಲ್ಲ' ಎಂದಷ್ಟೇ ಹೇಳಿ ಮುಂದೆ ಹೋಗುತ್ತದೆ. ಈ ಆಯ್ಕೆ ಕೊಟ್ಟರೆ ಅಲ್ಲೇ ಎರರ್ ಎಸೆಯುತ್ತದೆ. ನನಗೆ ಬಂದ 63 ಅಕ್ಷರದ ಕಸವೂ ಇದಕ್ಕೆ ಸಿಕ್ಕಿಬೀಳುತ್ತಿತ್ತು.

3ರ ಒಳಗಿನ ಸಣ್ಣ ಜಿಗಿತಗಳು

2ರ ಕಾಟ ಇಲ್ಲದವರೂ ಸುಮ್ಮನೆ ಕೂರುವಂತಿಲ್ಲ. 3.7ರಲ್ಲಿ ಅಸಿಂಕ್ ಮತ್ತು ಅವೇಯ್ಟ್ ಕಾಯ್ದಿರಿಸಿದ ಪದಗಳಾದವು, ಅಸಿಂಕ್ ಎಂದು ಆರ್ಗ್ಯುಮೆಂಟಿಗೆ ಹೆಸರಿಟ್ಟಿದ್ದ ಲೈಬ್ರರಿಗಳು ಮಕಾಡೆ ಮಲಗಿದವು. 3.10ರಲ್ಲಿ ಕಲೆಕ್ಷನ್ಸ್ ಮಾಡ್ಯೂಲ್ ಒಳಗಿನ ಹಳೆಯ ಅಡ್ಡಹೆಸರುಗಳು ಹೋದವು. 3.12ರಲ್ಲಿ ಡಿಸ್ಟ್‌ಯುಟಿಲ್ಸ್, 3.13ರಲ್ಲಿ ಸಿಜಿಐ ಮತ್ತು ಟೆಲ್ನೆಟ್ ಮಾಡ್ಯೂಲ್‌ಗಳು. ಪ್ರತಿ ಆವೃತ್ತಿಗೂ ಐದು ವರ್ಷದ ಆಯುಷ್ಯ, ಆಮೇಲೆ ಸೆಕ್ಯುರಿಟಿ ತಿದ್ದುಪಡಿಯೂ ಇಲ್ಲ.

ಇಲ್ಲಿ ಆಯ್ಕೆ ಎರಡೇ: ವರ್ಷಕ್ಕೊಂದು ಮೆಟ್ಟಿಲು ಹತ್ತುವುದು, ಇಲ್ಲವೇ ನಾಲ್ಕು ವರ್ಷಕ್ಕೊಮ್ಮೆ ಜಿಗಿಯುವುದು. ಟೆಸ್ಟ್ ಇರುವ ತಂಡಕ್ಕೆ ಮೆಟ್ಟಿಲು ಸುಲಭ. ಒಬ್ಬಂಟಿಯಾಗಿ ಹತ್ತು ಸ್ಕ್ರಿಪ್ಟ್ ನೋಡಿಕೊಳ್ಳುವ ನನ್ನಂಥವರಿಗೆ ಜಿಗಿತವೇ ವಾಸಿ, ಆದರೆ ಜಿಗಿಯುವ ಮುನ್ನ ಈಗಿರುವ ಆವೃತ್ತಿಯಲ್ಲೇ ಡೆಪ್ರಿಕೇಶನ್ (ಇದನ್ನು ಮುಂದೆ ತೆಗೆಯುತ್ತೇವೆ ಎಂಬ) ಎಚ್ಚರಿಕೆಗಳನ್ನು ಎರರ್ ಆಗಿ ಬದಲಿಸಿ ಒಮ್ಮೆ ಓಡಿಸಬೇಕು. ತೆಗೆಯುವ ಹೆಚ್ಚಿನದಕ್ಕೆ ಪೈಥಾನ್ ಎರಡು ಆವೃತ್ತಿ ಮೊದಲೇ ಸೂಚನೆ ಕೊಟ್ಟಿರುತ್ತದೆ, ನಾವು ಆ ಹಳದಿ ಸಾಲುಗಳನ್ನು ಓದದೆ ಸ್ಕ್ರೋಲ್ ಮಾಡಿರುತ್ತೇವೆ ಅಷ್ಟೆ. ಸಿಂಟ್ಯಾಕ್ಸನ್ನು ಹೊಸ ರೂಢಿಗೆ ತರಲು ಪೈಅಪ್‌ಗ್ರೇಡ್ ಎಂಬ ಸಲಕರಣೆ ಇದೆ, ಕೋಡ್ ಪರೀಕ್ಷಿಸುವ ರಫ್‌ನಲ್ಲೂ ಅದರ ಹೆಚ್ಚಿನ ನಿಯಮಗಳಿವೆ. ಈಗ ಶುರು ಮಾಡುವವರು ರಫ್ ಹಾಕಿಕೊಳ್ಳಿ, ವೇಗ ನೋಡಿದರೆ ಸಾಕು. ಸಿಕ್ಸ್‌ನ ಕಳೆ ಕೀಳಬೇಕಾದವರಿಗೆ ಮಾತ್ರ ಪೈಅಪ್‌ಗ್ರೇಡ್.

ರಸ್ಟ್ ಭಾಷೆಯವರು ಈ ತಲೆನೋವನ್ನು ನೋಡಿಯೇ ಇರಬೇಕು, 2015, 2018, 2021, 2024 ಎಂದು ಎಡಿಷನ್‌ಗಳನ್ನು ಮಾಡಿಟ್ಟಿದ್ದಾರೆ. ನಿಮ್ಮ ಪ್ಯಾಕೇಜ್ ಹಳೆಯ ಎಡಿಷನ್‌ನಲ್ಲಿದ್ದರೂ ಹೊಸ ಕಂಪೈಲರ್ ಅದನ್ನು ಹಳೆಯ ಸಿಂಟ್ಯಾಕ್ಸ್‌ನಂತೆಯೇ ಓದುತ್ತದೆ. ಹೊಟ್ಟೆಕಿಚ್ಚಾಗುತ್ತದೆ.

ಕೊನೆಯದಾಗಿ ಒಂದು ಎಚ್ಚರಿಕೆ, 2025ರ ಅಕ್ಟೋಬರ್‌ನಲ್ಲಿ ಬಂದ 3.14ಕ್ಕೆ ಹೋಗುವವರಿಗೆ. ಪೈಥಾನ್ 2ರಲ್ಲಿ 'ಎಕ್ಸೆಪ್ಟ್ ವ್ಯಾಲ್ಯೂಎರರ್, ಇ' ಎಂದು ಅಲ್ಪವಿರಾಮ ಹಾಕಿ ಬರೆದರೆ, ಆ ಎರರ್ ಹಿಡಿದು ಇ ಎಂಬ ಹೆಸರಿನಲ್ಲಿ ಇಡು ಎಂದರ್ಥ. 3.0ಯಿಂದ 3.13ರವರೆಗೆ ಅದು ಸಿಂಟ್ಯಾಕ್ಸ್ ಎರರ್, ಅಂದರೆ ಕೂಗುವ ಜಾತಿ. 3.14ರಲ್ಲಿ ಪೆಪ್ 758ರಿಂದಾಗಿ ಹಲವು ಎರರ್‌ಗಳನ್ನು ಬ್ರ್ಯಾಕೆಟ್ ಇಲ್ಲದೆ ಅಲ್ಪವಿರಾಮದಿಂದ ಬರೆಯಬಹುದು. ಹಾಗಾಗಿ ಅದೇ ಹಳೆಯ ಸಾಲಿಗೆ ಈಗ 'ವ್ಯಾಲ್ಯೂಎರರ್ ಅಥವಾ ಇ ಎಂಬ ಎರರ್ ಬಂದರೆ' ಎಂಬ ಅರ್ಥ. ಫೈಲ್ ಸಲೀಸಾಗಿ ತೆರೆದುಕೊಳ್ಳುತ್ತದೆ. ಟ್ರೈ ಒಳಗೆ ನಿಜವಾಗಿ ಎರರ್ ಬಂದ ದಿನ ಮಾತ್ರ ಪೈಥಾನ್ ಇ ಎಂದರೆ ಯಾರು ಎಂದು ಹುಡುಕಿ, ಸಿಗದೆ ನೇಮ್ ಎರರ್ ಕೊಟ್ಟು ಬೀಳುತ್ತದೆ. ಹದಿನೇಳು ವರ್ಷ ಕೂಗುತ್ತಿದ್ದ ಸಾಲು ಕಾದು ಕೂಗುವ ಜಾತಿಗೆ ಸೇರಿಬಿಟ್ಟಿದೆ. 2ರ ಫೈಲನ್ನು ನೇರ 3.14ರಲ್ಲಿ ತೆರೆಯುವ ಮುನ್ನ ಎಕ್ಸೆಪ್ಟ್ ಇರುವ ಸಾಲುಗಳನ್ನೆಲ್ಲ ಗ್ರೆಪ್ (ಪದ ಹುಡುಕುವ ಆಜ್ಞೆ) ಹಾಕಿ ತೆಗೆದು, ಅಲ್ಪವಿರಾಮದ ಜಾಗದಲ್ಲಿ 'ಆ್ಯಸ್' ಇದೆಯೇ ಎಂದು ಒಂದೊಂದಾಗಿ ನೋಡಿ.